ಕಾಲು ತಪಾಸಣೆ

ಅಪ್ಪ ಬೂತಾಯಿ ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕುವುದನ್ನು ನಾನು ಮೊದಲ ಸಲ ನೋಡಿದಾಗ ನನಗೆ ಇಪ್ಪತ್ತೊಂದು ತುಂಬಿತ್ತು. ತಟ್ಟೆ ನನ್ನದಾಗಿರಲಿಲ್ಲ. ಎದುರು ಕುಳಿತಿದ್ದ ಹುಡುಗಿಯದು. ಅವಳು ಹಿಂದಿನ ದಿನ ರೈಲಿನಿಂದ ಇಳಿದವಳು, ಬೆಟ್ಟದ ನಾಡಿನವಳು, ಸಮುದ್ರದ ಮೀನನ್ನು ಅದುವರೆಗೆ ತಿಂದವಳಲ್ಲ. ಅಪ್ಪ ಎರಡು ಬೆರಳಿನಿಂದ ನಡುಮುಳ್ಳನ್ನು ಎತ್ತಿದರು. ಅಂಚಿನ ಸಣ್ಣ ಮುಳ್ಳುಗಳನ್ನೂ ಬಿಡದೆ ತೆಗೆದು, ಉಳಿದ ಮಾಂಸವನ್ನು ಅವಳ ಕುಚ್ಚಲಕ್ಕಿ ಅನ್ನದ ಪಕ್ಕಕ್ಕೆ ಸರಿಸಿ, ಅವಳ ಭಾಷೆಯಲ್ಲಿ ಏನೋ ಅಂದರು. ಅವಳು ನಕ್ಕಳು. ಅವರೂ ನಕ್ಕರು.

ನಾನು ಬೂತಾಯಿ ತಿನ್ನಲು ಕಲಿತದ್ದು ನಾಲ್ಕನೆಯ ವಯಸ್ಸಿನಲ್ಲಿ, ಗಂಟಲಿಗೆ ಮುಳ್ಳು ಸಿಕ್ಕಿಸಿಕೊಂಡು. ಅಮ್ಮ ಒಣ ಅನ್ನದ ಉಂಡೆ ನುಂಗಿಸಿ ಅದನ್ನು ಇಳಿಸಿದ್ದರು. ಆಗ ಅಪ್ಪ ಎಲ್ಲಿದ್ದರೆಂದು ನನಗೆ ಗೊತ್ತಿಲ್ಲ. ಯಾವುದೋ ಗಡಿಯಲ್ಲಿ ಇದ್ದಿರಬೇಕು.

ಅಪ್ಪ ಗೂರ್ಖಾ ಪಲ್ಟನ್ನಿನ ಅಧಿಕಾರಿ. ಅಲ್ಲಿಯ ಸಿಪಾಯಿಗಳು ಹೆಚ್ಚಿನವರು ನೇಪಾಳದ ಬೆಟ್ಟದ ಹಳ್ಳಿಗಳವರು. ಅಧಿಕಾರಿಗಳು ನಮ್ಮ ದೇಶದ ಯಾವ ಮೂಲೆಯವರೂ ಆಗಬಹುದು, ಆದರೆ ಸೇರಿದ ಮೇಲೆ ಸಿಪಾಯಿಗಳ ಭಾಷೆ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತುಳು ಮಾತಾಡುವ, ಗದ್ದೆ-ಗೇಣಿಯ ಮನೆಯಲ್ಲಿ ಹುಟ್ಟಿದ ಅಪ್ಪ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗೋರ್ಖಾಲಿ ಕಲಿತರು. ಇಪ್ಪತ್ತೆಂಟು ವರ್ಷ ಅದರಲ್ಲೇ ಆಜ್ಞೆ ಕೊಟ್ಟರು, ಬೈದರು, ಸಮಾಧಾನ ಹೇಳಿದರು, ನಕ್ಕರು. ನಾವು, ಅಂದರೆ ಅಮ್ಮ ಮತ್ತು ನಾನು, ಮಂಗಳೂರಿನ ಕುಲಶೇಖರದ ಮನೆಯಲ್ಲಿದ್ದೆವು. ನನ್ನ ಶಾಲೆ ತಪ್ಪಬಾರದೆಂದು ಹಾಗೆ ತೀರ್ಮಾನವಾಗಿತ್ತು. ವರ್ಷಕ್ಕೆ ಎರಡು ತಿಂಗಳು ಅಪ್ಪ ರಜೆಯಲ್ಲಿ ಬರುತ್ತಿದ್ದರು. ಅದರಲ್ಲಿ ಮೊದಲ ವಾರ ನಾನು ಅವರ ಎದುರು ಸರಿಯಾಗಿ ಮಾತಾಡುತ್ತಿರಲಿಲ್ಲ. ಮಾತು ಸಲೀಸಾಗುವ ಹೊತ್ತಿಗೆ ಅವರು ಹೊರಡುವ ದಿನ ಹತ್ತಿರ ಬಂದಿರುತ್ತಿತ್ತು.

ಗೂರ್ಖ ಅಂದರೆ ಆಗ ಮಂಗಳೂರಿನಲ್ಲಿ ಬ್ಯಾಂಕಿನ ಬಾಗಿಲಲ್ಲಿ ಖಾಕಿ ತೊಟ್ಟು, ಸೀಟಿ ಹಿಡಿದು ನಿಲ್ಲುವ ಕಾವಲಿನವ. ಶಾಲೆಯಲ್ಲಿ ನನ್ನ ಬೆಂಚಿನ ಹುಡುಗಿ ಕೇಳಿದ್ದಳು.

"ನಿನ್ನ ಅಪ್ಪ ಗೂರ್ಖನಾ? ಯಾವ ಬ್ಯಾಂಕಲ್ಲಿ?"

ನಾನು ಅಳುತ್ತ ಮನೆಗೆ ಬಂದೆ. ಅಪ್ಪ ರಜೆಯಲ್ಲಿದ್ದರು. ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಮರುದಿನ ನನ್ನನ್ನು ಬಿಡಲು ಶಾಲೆಯ ಗೇಟಿನವರೆಗೆ ಬಂದು, ಆ ಹುಡುಗಿಯನ್ನು ಕರೆದು, ಗಂಭೀರವಾಗಿ ಹೇಳಿದರು: "ನಾನು ಬ್ಯಾಂಕಲ್ಲಿ ಅಲ್ಲ ಮಾರಾಯ್ತಿ, ದೊಡ್ಡ ಗೇಟಲ್ಲಿ. ಉತ್ತರದಲ್ಲಿ ಒಂದು ಗೇಟು ಉಂಟು, ಆಚೆ ಬದಿಯವರು ಆಗಾಗ ತಳ್ಳಿ ನೋಡ್ತಾರೆ. ಸೀಟಿ ಮಾತ್ರ ಕೊಟ್ಟಿಲ್ಲ. ಕೇಳಿ ಕೇಳಿ ಸಾಕಾಯ್ತು." ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ವಾರಗಟ್ಟಲೆ "ನಿನ್ನ ಅಪ್ಪ ಎಷ್ಟು ಚಂದ ಮಾತಾಡ್ತಾರೆ" ಎಂದು ನನ್ನ ಹಿಂದೆ ಬಿದ್ದಳು. ಅಪ್ಪ ಅವಳಿಗೆ ಹೇಳಿದ ಮಾತನ್ನು ನನಗೆ ಹೇಳಿರಲಿಲ್ಲ ಎಂಬುದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು.

ಅವರು ಹಾಗೆಯೇ. ಮದುವೆಮನೆಗೆ ಹೋದರೆ ಹತ್ತು ಕುರ್ಚಿಗಳು ಅವರ ಸುತ್ತ ತಿರುಗುತ್ತಿದ್ದವು. ಪಲ್ಟನ್ನಿನಲ್ಲಿ ಒಂದೇ ಹೆಸರಿನವರು ಇಪ್ಪತ್ತು ಮೂವತ್ತು ಜನ ಇರುತ್ತಿದ್ದರಂತೆ. ಅದಕ್ಕಾಗಿ ಪ್ರತಿಯೊಬ್ಬನನ್ನೂ ಅವನ ಸೈನ್ಯದ ನಂಬರಿನ ಕೊನೆಯ ಎರಡು ಅಂಕಿಯಿಂದ ಕರೆಯುವ ರೂಢಿ. ಒಮ್ಮೆ ತಪಾಸಣೆಗೆ ಬಂದ ಜನರಲ್ ಒಬ್ಬ ಎಳೆಯ ಸಿಪಾಯಿಯ ಎದುರು ನಿಂತು ಹೆಸರೇನು ಎಂದರು. "ಅರವತ್ತೇಳು, ಸಾಬ್." ತಂದೆಯ ಹೆಸರು? ತಂದೆಯೂ ಅದೇ ಪಲ್ಟನ್ನಿನವ. "ಹದಿನಾಲ್ಕು, ಸಾಬ್." ಜನರಲ್‌ಗೆ ಮಜಾ ಹತ್ತಿತು. ಹಾಗಾದರೆ ಅಜ್ಜ? ಸಿಪಾಯಿ ಬಹಳ ಹೊತ್ತು ಯೋಚಿಸಿ, ಬೇಸರದಿಂದ ಹೇಳಿದನಂತೆ: "ಅಜ್ಜನಿಗೆ ನಂಬರ್ ಇರಲಿಲ್ಲ ಸಾಬ್. ಬರೀ ಹೆಸರು." ಇದನ್ನು ಹೇಳುವಾಗ ಅಪ್ಪ ಸಿಪಾಯಿಯ ಮುಖವನ್ನೇ ಮಾಡುತ್ತಿದ್ದರು. ಜನ ಬಾಳೆಎಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದರು.

ಶೌರ್ಯಕ್ಕಾಗಿ ಕೊಟ್ಟ ಒಂದು ಪದಕವೂ ಅವರಿಗಿತ್ತು, ಎಪ್ಪತ್ತೊಂದರ ಯುದ್ಧದ್ದು. ಅದರ ಬಗ್ಗೆ ಯಾರಾದರೂ ಕೇಳಿದರೆ, "ಆ ಪ್ರಶಸ್ತಿಪತ್ರ ಬರೆದ ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವ. ನನಗಿಂತ ಅವನ ಇಂಗ್ಲಿಷೇ ಹೆಚ್ಚು ಧೈರ್ಯ ತೋರಿಸಿತ್ತು" ಎನ್ನುತ್ತಿದ್ದರು. ಆ ಯುದ್ಧದಲ್ಲಿ ನಿಜವಾಗಿ ಏನಾಯಿತೆಂದು ನಮಗೆ ಹೇಳಿದವರಲ್ಲ.

ಯುದ್ಧ ಮುಗಿದು ಒಂದು ವರ್ಷವಾದ ಮೇಲೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಪ್ಪನನ್ನು ಕರೆತರಲು ಅಮ್ಮ ಮತ್ತು ನಾನು ಬಜಪೆಯ ವಿಮಾನ ನಿಲ್ದಾಣಕ್ಕೆ ಹೋದೆವು. ಅಮ್ಮ ಬಾಡಿಗೆ ಕಾರು ಮಾಡಿದ್ದರು. ನಾನು ಹೊಸ ಫ್ರಾಕು ಹಾಕಿದ್ದೆ. ಪುಟ್ಟ ವಿಮಾನ ಗುಡ್ಡದ ಮೇಲೆ ಇಳಿಯಿತು, ಜನ ಏಣಿ ಇಳಿದು ನಡೆದು ಬಂದರು, ಕೊನೆಯವರೂ ಬಂದರು. ಅಪ್ಪ ಬರಲಿಲ್ಲ. ತಂತಿ ಮರುದಿನ ಬಂತು. ಯುದ್ಧದಲ್ಲಿ ಸತ್ತ ತಮ್ಮ ಸಿಪಾಯಿಗಳ ಮನೆಗಳಿಗೆ ನಡೆದು ಹೋಗಿ ಬರುತ್ತೇನೆ, ರಜೆ ಅದಕ್ಕೇ ಮುಗಿಯುತ್ತದೆ ಎಂದಿತ್ತು. ಆ ಹಳ್ಳಿಗಳಿಗೆ ರಸ್ತೆ ಇಲ್ಲವಂತೆ. ಆರು ವಾರ ನಡೆದರಂತೆ.

ಅಮ್ಮ ತಂತಿಯನ್ನು ಮಡಚಿ ಇಟ್ಟು, "ನಿನ್ನ ಅಪ್ಪನಿಗೆ ಎಂಟುನೂರು ಮಕ್ಕಳು. ನೀನು ಎಂಟುನೂರ ಒಂದನೆಯವಳು. ಕ್ಯೂನಲ್ಲಿ ನಿಲ್ಲು" ಅಂದರು. ಅಮ್ಮ ತಮಾಷೆಗೆ ಅಂದದ್ದು. ನಾನು ನಗಲಿಲ್ಲ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೆಂದು ನನಗೆ ಆ ವಯಸ್ಸಿಗೇ ಗೊತ್ತಿತ್ತು. ಗೊತ್ತಿದ್ದೂ ಪಟ್ಟೆ.

ಎಂಬತ್ತರ ಸುಮಾರಿಗೆ ಅಪ್ಪ ನಿವೃತ್ತರಾಗಿ ಬಂದರು. ಇನ್ನು ಅವರು ನಮ್ಮವರೇ ಎಂದುಕೊಂಡೆ. ಬೆಳಿಗ್ಗೆ ಕದ್ರಿ ಗುಡ್ಡದವರೆಗೆ ನಡೆದು ಬರುವರು, ಪೇಪರ್ ಓದುವರು, ವಾರಕ್ಕೆ ಮೂರು ಕಾಗದ ಬರೆಯುವರು. ಕಾಗದಗಳೆಲ್ಲ ಬೆಟ್ಟದ ಕಡೆಗೆ. ಯಾರಿಗೆ ಪಿಂಚಣಿ ಸಿಕ್ಕಿಲ್ಲ, ಯಾರ ಮಗನಿಗೆ ಭರ್ತಿಯಾಗಬೇಕು, ಯಾರ ಹೆಂಡತಿಗೆ ಕಣ್ಣಿನ ಆಪರೇಷನ್. ನೂರಾರು ಜನರ ನಂಬರು ಅವರಿಗೆ ಬಾಯಿಪಾಠ. ನಾನು ಬಿ.ಎ. ಕೊನೆಯ ವರ್ಷವೋ ಎರಡನೆಯ ವರ್ಷವೋ ಎಂಬುದನ್ನು ಪ್ರತಿ ಸಲ ಕೇಳಿ ತಿಳಿದುಕೊಳ್ಳುತ್ತಿದ್ದರು.

ನನ್ನೊಂದಿಗೆ ಅವರು ಯಾವತ್ತೂ ಮೃದುವಾಗಿಯೇ ಇದ್ದರು. ದೂರಲು ಏನೂ ಇಲ್ಲ. ಆದರೆ ನಾನು ಹೇಳಿದ ಯಾವ ಮಾತಿಗೂ ಅವರು ಮನಸಾರೆ ನಕ್ಕದ್ದಿಲ್ಲ. ಹಾಲಿನವನ ಮಾತಿಗೆ ನಗುವರು, ಪಕ್ಕದ ಮನೆಯ ಕೊಂಕಣಿ ಅಜ್ಜಿಯ ಬೈಗುಳಕ್ಕೆ ನಗುವರು. ನಾನು ಮಾತಾಡಿದರೆ ಗಮನವಿಟ್ಟು ಕೇಳಿ, "ಸರಿ ಹೇಳಿದೆ" ಎನ್ನುವರು. ನಾನು ಸರಿಯಾಗಿಯೇ ಮಾತಾಡುವವಳು. ಹೇಳುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಓದಿ ನೋಡುವ ಅಭ್ಯಾಸ ನನಗೆ. ಅಂಥವರ ಮಾತಿಗೆ ಯಾರು ನಗುತ್ತಾರೆ? ಒಂದೇ ಒಂದು ಸಲ ಅವರನ್ನು ನಗಿಸಬೇಕು ಎಂಬ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅವಳು ಬಂದಳು.

ಅಪ್ಪನ ಕೈಕೆಳಗೆ ಬಹಳ ವರ್ಷ ಇದ್ದ ಒಬ್ಬ ಸುಬೇದಾರರ ಮಗಳು. ಪಿಂಚಣಿಯ ನಂತರ ಸುಬೇದಾರರು ಮಕ್ಕಳ ಓದಿಗಾಗಿ ಡಾರ್ಜಿಲಿಂಗ್ ಕಡೆಗೆ ಬಂದು ನೆಲೆಸಿದ್ದರು. ಅಲ್ಲಿಯ ಶಾಲೆಯ ಸಿಸ್ಟರುಗಳು ಹುಡುಗಿಯನ್ನು ಮಂಗಳೂರಿನ ಒಂದು ನರ್ಸಿಂಗ್ ಶಾಲೆಗೆ ಸೇರಿಸಿದರು. ಅಪ್ಪ ಅವಳ ಸ್ಥಳೀಯ ಪೋಷಕರೆಂದು ಸಹಿ ಹಾಕಿದರು. ಪ್ರತಿ ಆದಿತ್ಯವಾರ ಊಟಕ್ಕೆ ಅವಳು ಹಾಸ್ಟೆಲಿನಿಂದ ನಮ್ಮ ಮನೆಗೆ ಬರುವುದೆಂದಾಯಿತು. ಅಪ್ಪನನ್ನು ಅವಳು ಠುಲೋ ಬಾ ಎಂದು ಕರೆಯುತ್ತಿದ್ದಳು. ದೊಡ್ಡಪ್ಪ ಎಂದು ಅರ್ಥ, ಬಾ ಅಂದರೆ ಅಪ್ಪ. ಅಪ್ಪ ಅವಳನ್ನು ನಾನಿ ಎನ್ನುತ್ತಿದ್ದರು. ಅದು ಅವರಲ್ಲಿ ಪುಟ್ಟ ಮಗುವನ್ನು ಕರೆಯುವ ಮಾತು. ನನ್ನನ್ನು ಅವರು ಹೆಸರಿನಿಂದ ಕರೆಯುತ್ತಿದ್ದರು, ಪೂರ್ತಿ ಹೆಸರಿನಿಂದ.

ಮೊದಲ ಆದಿತ್ಯವಾರವೇ ಆ ಬೂತಾಯಿ. ಎರಡನೆಯ ಆದಿತ್ಯವಾರ ಅವಳು, ಅಪ್ಪ ತಮ್ಮ ಹಳ್ಳಿಗೆ ಬಂದಿದ್ದನ್ನು ಅಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಸತ್ತವರ ಮನೆಗಳಿಗೆ ಹೋಗುವಾಗ ಅವಳ ಅಪ್ಪನೂ ಜೊತೆಗಿದ್ದರಂತೆ. ಅಕಾಲ ಮಳೆಗೆ ಹೊಳೆ ಉಕ್ಕಿದ್ದರಿಂದ ಅವರ ಮನೆಯಲ್ಲಿ ನಾಲ್ಕು ದಿನ ಉಳಿದರಂತೆ. ಅವಳಿಗೆ ಆಗ ಎಂಟು ವರ್ಷ. ಅಪ್ಪ ಅವಳಿಗೆ ಜೋಳದ ಸಿಪ್ಪೆಯಿಂದ ಒಂದು ಸಿಪಾಯಿ ಮಾಡಿ ಕೊಟ್ಟರಂತೆ.

"ನಾಲ್ಕು ದಿನವಾ?" ಎಂದು ಕೇಳಿದೆ.

"ಫೋರ್ ಡೇಸ್" ಎಂದು ಅವಳು ಬೆರಳು ತೋರಿಸಿ ನಕ್ಕಳು. ಆ ವರ್ಷ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಊಟದ ನಂತರ ಅವರಿಬ್ಬರೂ ಚಾವಡಿಯಲ್ಲಿ ಕುಳಿತು ಮಾತಾಡುತ್ತಿದ್ದರು. ಅಪ್ಪನ ದನಿಯೇ ಬೇರೆಯಾಗುತ್ತಿತ್ತು, ಸ್ವಲ್ಪ ಎತ್ತರ, ಸ್ವಲ್ಪ ಹಗುರ. ನಗು ಒಳಗಿನವರೆಗೂ ಕೇಳುತ್ತಿತ್ತು. ಒಮ್ಮೆ ತಡೆಯಲಾರದೆ ಹೊರಗೆ ಬಂದು ಕೇಳಿದೆ.

"ಎಂತ ಜೋಕು?"

ಅಪ್ಪ ಕಣ್ಣೊರೆಸಿಕೊಂಡು ಹೇಳಲು ಪ್ರಯತ್ನ ಮಾಡಿದರು. "ಒಂದು ಹೇಸರಗತ್ತೆ ಇತ್ತು. ಇವಳ ಅಪ್ಪ ಅದಕ್ಕೆ ಸೆಲ್ಯೂಟ್ ಹೊಡೆದ."

"ಮತ್ತೆ?"

"ಮತ್ತೆ ಎಂತದ್ದೂ ಇಲ್ಲ. ಅಷ್ಟೇ." ಅವರು ನನ್ನ ಮುಖ ನೋಡಿ ಸೋತರು. "ಅದು ಇಲ್ಲಿ ನಗೆ ಬರುದಿಲ್ಲ ಮಗಾ. ಆ ಹೇಸರಗತ್ತೆಯನ್ನು ನೋಡಿರಬೇಕು."

ಹುಡುಗಿಯೂ ಅದನ್ನು ನೋಡಿರಲಿಲ್ಲ. ಆದರೂ ಅವಳಿಗೆ ನಗು ಬಂದಿತ್ತು.

ಅಮ್ಮನಿಗೆ ಅವಳ ಮೇಲೆ ಬೇಗ ಮಮತೆ ಬೆಳೆಯಿತು. ಒಂದು ವರ್ಷದಲ್ಲಿ ಅವಳು ವಾರ್ಡಿನ ಅಜ್ಜಿಯರಿಂದ ತುಳು, ಆಯಾಗಳಿಂದ ಕನ್ನಡ ಕಲಿತಳು. ಕುದ್ರೋಳಿಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಅಮ್ಮನಿಗೆ ಒಣಮೀನು ತಂದುಕೊಟ್ಟಳು. ಟೊಮೆಟೊ ಸುಟ್ಟು ಅರೆದು ಒಂದು ಉಪ್ಪಿನಕಾಯಿಯಂಥದ್ದು ಮಾಡಿದಳು. ಅಪ್ಪ ಅದನ್ನು ಎರಡು ಸಲ ಬಡಿಸಿಕೊಂಡರು. ನಾನು ಖಾರ ಜಾಸ್ತಿ ಅಂದೆ. ಖಾರ ಸರಿಯಾಗಿಯೇ ಇತ್ತು.

ನಾನು ಆಗ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಚರಿತ್ರೆಯ ಎಂ.ಎ. ಓದುತ್ತಿದ್ದೆ. ಎರಡನೆಯ ವರ್ಷದ ಒಂದು ದಿನ ಉಗ್ರಾಣದಲ್ಲಿದ್ದ ಅಪ್ಪನ ಕಪ್ಪು ಟ್ರಂಕಿನಲ್ಲಿ ಏನೋ ಹುಡುಕುತ್ತಿದ್ದಾಗ ತಳದಲ್ಲಿ ಒಂದು ತೆಳ್ಳಗಿನ ಪುಸ್ತಕ ಸಿಕ್ಕಿತು. ಗೂರ್ಖಾ ಪಲ್ಟನ್ನಿಗೆ ಹೊಸದಾಗಿ ಸೇರುವ ಅಧಿಕಾರಿಗಳು ಭಾಷಾಪರೀಕ್ಷೆಗೆ ಓದುವ ಪಾಠಪುಸ್ತಕ. ಇಂಗ್ಲಿಷ್ ಅಕ್ಷರದಲ್ಲಿ ಗೋರ್ಖಾಲಿ ವಾಕ್ಯಗಳು, ಎದುರಿಗೆ ಅರ್ಥ. ಅಂಚಿನಲ್ಲೆಲ್ಲ ಅಪ್ಪನ ಪೆನ್ಸಿಲ್ ಬರಹ. ಇಪ್ಪತ್ತೆರಡರ ಅಪ್ಪ ಕೆಲವು ಶಬ್ದಗಳ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು.

ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಕೊಣಾಜೆಗೆ ಹೋಗಿ ಬರುವ ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಸಿಗುತ್ತಿತ್ತು. ಪರೀಕ್ಷೆಗೆ ಓದುವಂತೆ ಓದಿದೆ. ಚೀಟಿಗಳನ್ನು ಮಾಡಿಕೊಂಡೆ. ಆದಿತ್ಯವಾರ ಅವರಿಬ್ಬರೂ ಮಾತಾಡುವಾಗ ಒಳಗಿನ ಕೋಣೆಯಲ್ಲಿ ಕುಳಿತು ಸ್ವರದ ಏರಿಳಿತವನ್ನು ಕೇಳಿಸಿಕೊಂಡೆ. ಅವಳನ್ನೇ ಕೇಳಿದ್ದರೆ ಒಂದು ತಿಂಗಳಲ್ಲಿ ಕಲಿಸುತ್ತಿದ್ದಳು. ಕೇಳಲು ನನ್ನಿಂದ ಆಗುತ್ತಿರಲಿಲ್ಲ.

ಪುಸ್ತಕದ ತೊಂದರೆ ಏನೆಂದರೆ, ಅದು ಅಧಿಕಾರಿ ಸಿಪಾಯಿಯೊಂದಿಗೆ ಮಾತಾಡುವುದಕ್ಕೆ ಮಾಡಿದ್ದು. ನಿನ್ನ ಬಂದೂಕು ಏಕೆ ಕೊಳೆಯಾಗಿದೆ? ಮನೆಯಿಂದ ಕಾಗದ ಬಂತೆ? ಇವತ್ತಿನ ಕುರಿಮಾಂಸ ಹೇಗಿತ್ತು? ರಜೆ ಯಾಕೆ ಬೇಕು? ಮಗಳು ಅಪ್ಪನಿಗೆ ಹೇಳುವಂಥ ಒಂದು ವಾಕ್ಯವೂ ಅದರಲ್ಲಿ ಇರಲಿಲ್ಲ. ಒಂದು ಇಡೀ ಪಾಠ ಕಾಲು ತಪಾಸಣೆಯದು. ದೀರ್ಘ ನಡಿಗೆಯ ನಂತರ ಅಧಿಕಾರಿಗಳು ತಮ್ಮ ಊಟಕ್ಕೆ ಹೋಗುವ ಮೊದಲು ಪ್ರತಿಯೊಬ್ಬ ಸಿಪಾಯಿಯ ಕಾಲನ್ನೂ ಕೈಯಲ್ಲಿ ಹಿಡಿದು ನೋಡಬೇಕು ಎಂಬುದು ಪದ್ಧತಿ. ಬೊಕ್ಕೆ ಎದ್ದಿದೆಯೆ, ಬೆರಳ ಸಂದು ಒಡೆದಿದೆಯೆ. ಆ ಪಾಠದ ಅಂಚಿನಲ್ಲಿ ಪೆನ್ಸಿಲ್ ಗುರುತು ಎಲ್ಲಕ್ಕಿಂತ ಹೆಚ್ಚಿತ್ತು. "ಸುಳ್ಳು ಹೇಳುತ್ತಾರೆ, ನೋಡಿಯೇ ನಂಬಬೇಕು" ಎಂದು ಒಂದು ಕಡೆ ಬರೆದಿದ್ದರು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅಪ್ಪ ಮನೆಯೊಳಗೂ ಕ್ಯಾನ್ವಾಸ್ ಶೂ ಹಾಕಲು ತೊಡಗಿದರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆಲ್ಲ ಗೊತ್ತಿತ್ತು, ಆದರೆ ಅದನ್ನು ಯಾರೂ ಅಷ್ಟು ಹಚ್ಚಿಕೊಂಡಿರಲಿಲ್ಲ. ಅಮ್ಮನಿಗೆ ಕೋಪ ಬಂದದ್ದು ಶೂವಿನ ಬಗ್ಗೆ ಮಾತ್ರ. ಒರೆಸಿದ ನೆಲದ ಮೇಲೆ ಶೂ ಹಾಕಿ ಓಡಾಡುವುದು ನಮ್ಮ ಕಡೆ ಯಾರು ಮಾಡುತ್ತಾರೆ?

"ನೆಲ ಜಾರ್ತದೆ" ಎಂದರು ಅಪ್ಪ.

"ಇಷ್ಟು ವರ್ಷ ಜಾರದ ನೆಲ ಈಗ ಜಾರ್ತದಾ ಮಾರಾಯ್ರೆ?"

"ನೆಲಕ್ಕೂ ವಯಸ್ಸಾಗ್ತದೆ."

ಒಂದು ಆದಿತ್ಯವಾರ ಊಟದ ತಟ್ಟೆ ತೊಳೆಯುವಾಗ ಹುಡುಗಿ ನನ್ನ ಪಕ್ಕ ಬಂದು ನಿಂತಳು. ತಗ್ಗಿದ ದನಿಯಲ್ಲಿ ತನ್ನ ಆಸ್ಪತ್ರೆಯ ಕನ್ನಡದಲ್ಲಿ ಹೇಳಿದಳು.

"ಅಕ್ಕಾ, ಠುಲೋ ಬಾಗೆ ಕಾಲಲ್ಲಿ ಎಂತದೋ ಉಂಟು. ನಡೆಯುದು ಸರಿ ಇಲ್ಲ. ಸಾಕ್ಸ್ ಒದ್ದೆ ಉಂಟು. ಕೇಳಿದ್ರೆ ಜೋಕ್ ಮಾಡ್ತಾರೆ. ನನಗೆ ತೋರಿಸುದಿಲ್ಲ. ನೀವು ಹೇಳಿ."

ನಾನು ಏನನ್ನೂ ಗಮನಿಸಿರಲಿಲ್ಲ. ಅಪ್ಪನ ನಡಿಗೆಯನ್ನು ಅವಳು ನೋಡಿದ್ದಳು, ನಾನು ನೋಡಿರಲಿಲ್ಲ.

"ನಮಗೆ ಗೊತ್ತುಂಟು. ಡಾಕ್ಟರಿಗೆ ತೋರಿಸಿ ಆಗಿದೆ" ಅಂದೆ.

ಅದು ನಾನು ಬುದ್ಧಿಪೂರ್ವಕವಾಗಿ ಹೇಳಿದ ಸುಳ್ಳು. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಆಯ್ತು ಅಕ್ಕಾ" ಎಂದು ತಟ್ಟೆ ಒರೆಸಲು ತೊಡಗಿದಳು.

ಆಮೇಲೆ ನಾನು ಗಮನಿಸಲು ತೊಡಗಿದೆ. ಅಪ್ಪ ಬೆಳಗಿನ ನಡಿಗೆಯನ್ನು ಬಿಟ್ಟಿದ್ದರು. ಕೇಳಿದರೆ, "ಗುಡ್ಡ ಅಲ್ಲೇ ಉಂಟು, ಎಲ್ಲಿಗೂ ಹೋಗುದಿಲ್ಲ" ಎನ್ನುತ್ತಿದ್ದರು. ಮೆಟ್ಟಿಲು ಇಳಿಯುವಾಗ ಎಡಗಾಲನ್ನು ಓರೆಯಾಗಿ ಊರುತ್ತಿದ್ದರು. ಅಮ್ಮನಿಗೆ ಹೇಳಬೇಕೆಂದು ದಿನವೂ ಅಂದುಕೊಂಡೆ. ಹೇಳಿದರೆ, ಆ ಹುಡುಗಿ ಹೇಳಿದ್ದು ನಿಜ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಹೀಗೆ ಎರಡು ವಾರ ಕಳೆದವು. ನಡುವಿನ ಆದಿತ್ಯವಾರ ಅವಳಿಗೆ ವಾರ್ಡಿನ ಡ್ಯೂಟಿ ಇತ್ತು, ಬರಲಿಲ್ಲ. ಅದಕ್ಕೂ ನಾನು ಸಂತೋಷಪಟ್ಟೆ.

ಎರಡನೆಯ ವಾರದ ಶನಿವಾರ ಬೆಳಿಗ್ಗೆ ಅಮ್ಮ ಚಾವಡಿ ಒರೆಸಿ ಎದ್ದರು. ಅಪ್ಪ ಒದ್ದೆ ನೆಲದ ಮೇಲೆ ಶೂ ಹಾಕಿಕೊಂಡೇ ಹೋಗಿ ಬೆತ್ತದ ಕುರ್ಚಿಯಲ್ಲಿ ಕುಳಿತು ಪೇಪರ್ ಬಿಡಿಸಿದರು.

"ತೆಗೀರಿ ಅದನ್ನು" ಅಂದರು ಅಮ್ಮ.

"ಪೇಪರನ್ನಾ?"

"ನನ್ನ ಹತ್ತಿರ ತಮಾಷೆ ಬೇಡ. ಶೂ ತೆಗೀರಿ."

"ನಿವೃತ್ತನಾದವನ ಕೈಯಿಂದ ಪಿಸ್ತೂಲು ತೆಗೆದ್ರು, ಜೀಪು ತೆಗೆದ್ರು. ಶೂ ಒಂದಾದ್ರೂ ಇರ್ಲಿ."

ಅಮ್ಮ ನಗು ಬಂದರೂ ತಡೆದುಕೊಂಡು ಬಟ್ಟೆ ಹಿಂಡಿದರು. ಆ ಜೋಕಿನಿಂದ ಮಾತು ಮುಗಿದು ಹೋಗುವುದಿತ್ತು, ಪ್ರತಿ ದಿನ ಮುಗಿಯುತ್ತಿದ್ದ ಹಾಗೆ. ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಅಭ್ಯಾಸದಂತೆ ವಾಕ್ಯವನ್ನು ಮನಸ್ಸಿನಲ್ಲಿ ಓದಿ ನೋಡಲಿಲ್ಲ. ಅದು ತಾನಾಗಿ, ಪಾಠದಲ್ಲಿ ಇದ್ದ ಕ್ರಮದಲ್ಲೇ, ಜೋರಾಗಿ ಹೊರಗೆ ಬಂತು.

"ಜುತ್ತಾ ಫುಕಾಲ. ಮೋಜಾ ಫುಕಾಲ. ಖುಟ್ಟಾ ದೇಖಾಉ."

ಶೂ ಬಿಚ್ಚು. ಕಾಲುಚೀಲ ಬಿಚ್ಚು. ಕಾಲು ತೋರಿಸು.

ಅಪ್ಪನ ಕೈಯಿಂದ ಪೇಪರ್ ಕೆಳಗೆ ಬಿತ್ತು. ಅವರು ಬಾಗಿ ಎಡಗಾಲಿನ ಶೂವಿನ ಲೇಸಿಗೆ ಕೈ ಹಾಕಿದರು. ಲೇಸು ಬಿಚ್ಚಿ, ಶೂ ತೆಗೆದು, ಕುರ್ಚಿಯ ಕಾಲಿನ ನೇರಕ್ಕೆ ಬದಿಗಿಟ್ಟರು. ಆಮೇಲೆ ತಲೆ ಎತ್ತಿ ನೋಡಿದರು. ಎದುರಿಗೆ ನಾನು, ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡು, ಅರ್ಧ ಹೆಣೆದ ಜಡೆಯಲ್ಲಿ.

ಅವರು ನಕ್ಕರು. ಮೊದಲು ಸದ್ದಿಲ್ಲದೆ ಭುಜ ಮಾತ್ರ ಕುಣಿಯಿತು. ಆಮೇಲೆ ಕುರ್ಚಿ ಕಿರುಗುಟ್ಟಿತು. ತಲೆಯನ್ನು ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬಂದು, ಮಾತಾಡಲು ಹೋಗಿ ಆಗದೆ, ಕೈ ಬೀಸಿ ಮತ್ತೆ ನಕ್ಕರು. ಪಕ್ಕದ ಮನೆಯ ಕೊಂಕಣಿ ಅಜ್ಜಿ ಏನಾಯಿತೆಂದು ಕಾಂಪೌಂಡಿನ ಆಚೆಯಿಂದ ಇಣುಕಿ ನೋಡಿದರು.

"ಯಾರು ಕಲಿಸಿದ್ದು ನಿನಗೆ?"

"ನೀವೇ. ನಿಮ್ಮ ಪುಸ್ತಕ."

"ಮೂವತ್ತು ವರ್ಷ ಆಯ್ತು, ನನಗೆ ಯಾರೂ ಹೀಗೆ ಆರ್ಡರ್ ಕೊಟ್ಟಿಲ್ಲ!" ಮತ್ತೆ ನಕ್ಕರು. "ಶೂ ತೆಗೆದೇ ಬಿಟ್ಟೆನಲ್ಲ ಮಾರಾಯ್ತಿ!"

ನಾನು ಕಾಯುತ್ತಿದ್ದದ್ದು ಇದಕ್ಕೇ. ಆ ನಗು ನನ್ನದು, ಬೇರೆ ಯಾರ ಪಾಲೂ ಅದರಲ್ಲಿ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸಿ ಒಳಗೆ ಹೋಗಬಹುದಿತ್ತು. ಆದರೆ ಕಾಲುಚೀಲದ ತುದಿ ಹಳದಿಯಾಗಿ ಒದ್ದೆಯಾಗಿರುವುದು ನನಗೆ ಕಾಣುತ್ತಿತ್ತು.

"ಮೋಜಾ" ಅಂದೆ.

ಅವರ ನಗು ನಿಂತಿತು. "ಅದು ಬೇಡ."

"ತಪಾಸಣೆ ಪೂರ್ತಿ ಆಗ್ಲಿಲ್ಲ. ಸುಳ್ಳು ಹೇಳುತ್ತಾರೆ, ನೋಡಿಯೇ ನಂಬಬೇಕು ಅಂತ ನೀವೇ ಬರೆದಿದ್ದೀರಿ."

ಅಪ್ಪ ಮತ್ತೆ ಬಾಗಿದರು. ಕಾಲುಚೀಲವನ್ನು ಮೆಲ್ಲಗೆ ಸುತ್ತಿ ಎಳೆದರು. ಅದು ಒಂದು ಕಡೆ ಅಂಟಿಕೊಂಡಿತ್ತು. ಕಿರುಬೆರಳು ಪೂರ್ತಿ ಕಪ್ಪಾಗಿತ್ತು, ಅದರ ಬುಡದಲ್ಲಿ ಹುಣ್ಣು. ವಾಸನೆ ಬಂತು. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟಿಗೆ ಹಾಕಿ ರಿಕ್ಷಾ ತರಲು ಗೇಟಿನ ಕಡೆಗೆ ಓಡಿದರು. ಅಮ್ಮ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕಿರುಬೆರಳನ್ನು ತೆಗೆಯಬೇಕಾಯಿತು. ಡಾಕ್ಟರು ಕೈ ಒರೆಸಿಕೊಳ್ಳುತ್ತ ಅಮ್ಮನಿಗೆ ಹೇಳಿದರು: "ಕಾಲು ಉಳಿಯಿತಲ್ಲ, ಅದೇ ದೊಡ್ಡದು. ಎರಡು ವಾರ ಮೊದಲು ತಂದಿದ್ರೆ ಬೆರಳೂ ಉಳಿಯುತ್ತಿತ್ತೋ ಏನೋ." ಅಮ್ಮ ತಲೆಯಾಡಿಸಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದೆ. ಎರಡು ವಾರ ಎಲ್ಲಿ ಹೋಯಿತೆಂದು ಅಲ್ಲಿದ್ದವರಲ್ಲಿ ನನಗೆ ಮಾತ್ರ ಗೊತ್ತಿತ್ತು.

ಅಪ್ಪನಿಗೆ ಎಚ್ಚರ ಬಂದಾಗ ಮೊದಲ ಮಾತು: "ಒಂಬತ್ತು ಬೆರಳಿಗೂ ಪಿಂಚಣಿ ಅಷ್ಟೇ ಅಲ್ವಾ, ವಿಚಾರಿಸಿ ನೋಡಿ."

ಮನೆಗೆ ಬಂದ ಮೇಲೆ ದಿನಾ ಗಾಯ ತೊಳೆದು ಬ್ಯಾಂಡೇಜ್ ಕಟ್ಟಬೇಕಿತ್ತು. ಯಾರು ಕಟ್ಟುತ್ತಾರೆಂದು ಯಾರೂ ಕೇಳಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿತ್ತು. ಹುಡುಗಿ ವಾರ್ಡನ್ನಿನ ಅನುಮತಿ ಪಡೆದು ಪ್ರತಿ ಸಂಜೆ ಬಂದಳು. ಆದಿತ್ಯವಾರ ಮಾತ್ರವಿದ್ದವಳು ಈಗ ಏಳು ದಿನವೂ. ನಾನು ತಪಾಸಣೆ ಮಾಡಿ ಗಳಿಸಿದ್ದು ಇದು.

ಮೊದಲ ಸಂಜೆ ಅವಳು ನೆಲದ ಮೇಲೆ ಕುಳಿತು ಅಪ್ಪನ ಪಾದವನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಬಿಸಿನೀರಿನ ಬೋಗುಣಿ ಹಿಡಿದು ಪಕ್ಕದಲ್ಲಿ ನಿಂತೆ. ಅಪ್ಪ ನಡೆದದ್ದನ್ನೆಲ್ಲ ಅವಳಿಗೆ ಗೋರ್ಖಾಲಿಯಲ್ಲಿ ಹೇಳಿದರು. ಪೇಪರ್ ಬಿದ್ದದ್ದು, ಲೇಸು, ಬಾಚಣಿಗೆ, ಜಡೆ ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ನನ್ನ ದನಿಯನ್ನೂ ಅನುಕರಿಸಿದರು. ಹತ್ತಿ ಹಿಡಿದ ಅವಳ ಕೈ ನಗುವಿನಿಂದ ಅಲುಗಾಡಿತು. ನನಗೆ ಹೆಚ್ಚು ಕಡಿಮೆ ಎಲ್ಲವೂ ಅರ್ಥವಾಯಿತು. ಒಂದು ವಾರ ಕೂಡ ಆ ನಗು ನನ್ನೊಬ್ಬಳದಾಗಿ ಉಳಿಯಲಿಲ್ಲ.

"ಅಕ್ಕಾ, ಇನ್ನೊಂದು ಸಲ ಹೇಳಿ! ನಾನೂ ಕೇಳ್ಬೇಕು" ಅಂದಳು ಅವಳು.

"ಇಲ್ಲ" ಅಂದೆ.

"ಆರ್ಡರ್ ಕೊಟ್ಟವರು ಎರಡು ಸಲ ಹೇಳುವುದಿಲ್ಲ ನಾನಿ" ಎಂದರು ಅಪ್ಪ, ಬಹಳ ಹೆಮ್ಮೆಯಿಂದ. ಅವರು ನನ್ನ ಪಕ್ಷ ವಹಿಸಿದ್ದು ನಿಜ. ಆದರೆ ಅವರ ಲೆಕ್ಕದಲ್ಲಿ ನಾನು ಈಗ ಒಬ್ಬ ಅಧಿಕಾರಿಯಾಗಿದ್ದೆ. ಮಗುವಿನ ಜಾಗದಲ್ಲಿ ಅವಳೇ ಇದ್ದಳು.

ಬೆರಳಿಗೆ ಕಪ್ಪು ಹಿಡಿಯಲು ಎಷ್ಟು ದಿನ ಬೇಕು ಎಂಬುದು ನರ್ಸಿಂಗ್ ಓದುವವಳಿಗೆ ಗೊತ್ತಿರದೆ ಇರುವುದಿಲ್ಲ. ಅವಳು ನನಗೆ ಮೊದಲೇ ಹೇಳಿದ್ದನ್ನು ಆ ಸಂಜೆ ಅಪ್ಪನ ಎದುರು ಹೇಳಬಹುದೆಂದು ನಾನು ಕಾದೆ. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮೂರನೆಯ ಸಂಜೆ ಅವಳನ್ನು ಬಸ್ಸಿಗೆ ಬಿಡಲು ನಾನೇ ಹೊರಟೆ. ಬಸ್‌ಸ್ಟಾಪಿನಲ್ಲಿ ನಿಂತ ಮೇಲೆ ಕೇಳಿದೆ.

"ನೀನು ನನಗೆ ಮೊದಲೇ ಹೇಳಿದ್ದೆ. ಅದನ್ನು ಅಪ್ಪನಿಗೆ ಯಾಕೆ ಹೇಳಲಿಲ್ಲ?"

ಅವಳು ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು. "ಹೇಳಿದ್ರೆ ಆ ಕಥೆ ಹಾಳಾಗ್ತದೆ ಅಲ್ವಾ ಅಕ್ಕಾ? ಠುಲೋ ಬಾ ದಿನಕ್ಕೆ ನಾಲ್ಕು ಸಲ ಹೇಳ್ತಾರೆ. ಡಾಕ್ಟರಿಗೂ ಹೇಳಿ ಆಯ್ತು."

"ನಾನು ಸುಳ್ಳು ಹೇಳಿದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಆದ್ರೆ ನೀವು ಮಗಳು. ನಾನು ಎಂತ ಮಾಡುದು?"

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕ್ಷಮಿಸು ಎನ್ನಬೇಕಿತ್ತು. ಅದರ ಬದಲಿಗೆ ಬೇರೆಯೇ ಒಂದು ಮಾತು ಹೊರಬಿತ್ತು.

"ಬ್ಯಾಂಡೇಜ್ ಕಟ್ಟಲಿಕ್ಕೆ ನನಗೆ ಕಲಿಸು. ನಾಳೆಯಿಂದ ನಾನು ಕಟ್ತೇನೆ."

"ಹುಣ್ಣು ನೋಡಿದ್ರೆ ನಿಮಗೆ ತಲೆ ತಿರುಗ್ತದೆ. ನೀವು ಬೋಗುಣಿ ಹಿಡಿದು ಕಣ್ಣು ಮುಚ್ಚುದು ನಾನು ನೋಡಿದ್ದೇನೆ."

"ತಿರುಗ್ಲಿ. ಕಲಿಸು."

ದೂರದಲ್ಲಿ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು. "ಕಲಿಸ್ತೇನೆ. ಆರು ದಿನ ನೀವು ಕಟ್ಟಿ. ಆದಿತ್ಯವಾರ ನನಗೆ ಬಿಡಿ, ಅಕ್ಕಾ. ನನ್ನ ಬಾ ದೂರ ಇದ್ದಾರೆ."

ಆರಕ್ಕೆ ಒಂದು. ಯಾರು ಕೇಳಿದರೂ ನ್ಯಾಯವೆಂದೇ ಹೇಳುವ ಪಾಲು. ಆದರೆ ವಾರದಲ್ಲಿ ಅಪ್ಪ ಹೆಚ್ಚು ನಗುವುದು ಆದಿತ್ಯವಾರ.

ಬಸ್ಸು ಬಂದು ನಿಂತಿತು. ಅವಳು ಮೆಟ್ಟಿಲು ಹತ್ತಿ, ಸರಳು ಹಿಡಿದು, ಉತ್ತರಕ್ಕಾಗಿ ನನ್ನ ಕಡೆ ತಿರುಗಿದಳು.

"ಒಂದು ಆದಿತ್ಯವಾರ ಬಿಟ್ಟು ಒಂದು" ಅಂದೆ.